ಮಾಯವಾದ ಕಾಗದದ ಹಡಗು

"ಹಡಗೇ ಇಲ್ಲ ದೊಡ್ಡಮ್ಮ! ನಾಲ್ಕಕ್ಕೆ ಜನ ಬರ್ತಾರೆ, ನನ್ನ ಕತೆ ಮುಗೀತು!" ಎನ್ನುತ್ತಾ ಅಲಂಕಾರದವಳು ಓಡಿಬಂದಳು.

ನಮ್ಮ ದೊಡ್ಡಮ್ಮನದು ಪಾರ್ಟಿ ಹಾಲಿನ ಮಹಡಿಯಲ್ಲೇ ವಾಸ. ಕೆಳಗೆ ಏನು ಕಳೆದರೂ ದೂರು ಮೊದಲು ಅವರಿಗೆ. ಹಾಲಿನ ಬೀಗದ ಕೈ ನನ್ನ ಸುಪರ್ದಿಯಲ್ಲಿದ್ದುದರಿಂದ ನಾನೂ ಅವರ ಜೊತೆ ಕೆಳಗೆ ಓಡಿದೆ.

ಆರು ವರ್ಷದ ಹುಡುಗಿಯ ಹುಟ್ಟುಹಬ್ಬ. ಥೀಮ್ ಸಮುದ್ರವೇ ಆಗಬೇಕೆಂದು ಹಟ ಹಿಡಿದವಳು ಅವಳೇ. ಛಾವಣಿಯಿಂದ ಮೀನುಗಳು ತೂಗುತ್ತಿದ್ದವು, ಗೋಡೆ ತುಂಬಾ ನೀಲಿ ಬಲೂನು. ಒಂದೇ ಹಾಳೆಯಲ್ಲಿ ಮಡಚಿದ ಆಳೆತ್ತರದ ಹಡಗು ಮಾತ್ರ ನಾಪತ್ತೆ.

"ಇವಳೇ ಬೇರೆ ಪಾರ್ಟಿಗೆ ಸಾಗಿಸಿರ್ತಾಳೆ. ಇನ್ಮೇಲೆ ಈ ಹಾಲಲ್ಲಿ ಇವಳಿಗೆ ಕೆಲಸ ಸಿಗಬಾರದು!" ಎಂದು ಹುಡುಗಿಯ ತಾಯಿ ಅಲಂಕಾರದವಳ ಮೇಲೆ ಸಿಡಿದಳು.

"ಹೋಗ್ಲಿ ಬಿಡಕ್ಕ, ಹಡಗಿಲ್ಲದಿದ್ರೇನಂತೆ," ಎಂದ ಅವಳ ತಮ್ಮ.

ಊಟದ ಹೊತ್ತಿನಲ್ಲಿ ಈ ಮೂವರೂ ಒಬ್ಬೊಬ್ಬರಾಗಿ ಹಾಲಿಗೆ ಹೋಗಿ ಬರಿಗೈಯಲ್ಲಿ ಹೊರಬಂದಿದ್ದರು. ಬೀಗ ತೆಗೆದುಕೊಟ್ಟವಳು ನಾನೇ.

"ಅಷ್ಟು ದೊಡ್ಡದನ್ನ ಒಳಗೆ ಹೇಗೆ ತಂದೆ?" ದೊಡ್ಡಮ್ಮ ಕೇಳಿದರು.

"ಹಾಳೆ ಸುರುಳಿ ಸುತ್ತಿ ತಂದೆ. ಮಡಚೋಕೆ ನಂಗೆ ಬರಲಿಲ್ಲ. ಇವರ ತಮ್ಮನೇ ಇಲ್ಲಿ ಕೂತು ಮಡಚಿಕೊಟ್ರು."

ದೊಡ್ಡಮ್ಮ ನೀರು ಕುಡಿದು ಲೋಟವನ್ನು ಬಟ್ಟೆ ಹಾಸಿದ ಉದ್ದನೆಯ ಮೇಜಿನ ಮೇಲಿಟ್ಟರು. ಚರಕ್ ಎಂದಿತು. ಮೇಜಿನ ಕಾಲು ಮುರಿಯಿತೇನೋ ಎಂದು ನಾನು ಬಗ್ಗಿ ನೋಡಿದೆ, ಪೆದ್ದಿ!

"ಎಲ್ಲರೂ ಕೂತ್ಕೊಳ್ಳಿ," ಎಂದರು ದೊಡ್ಡಮ್ಮ. "ಮೂವರೂ ಬರಿಗೈಲಿ ಹೊರಗೆ ಬಂದ್ರಿ. ಅಂದ್ಮೇಲೆ ಹಡಗು ಒಳಗೇ ಇರಬೇಕು."

ಮೇಜಿನ ಬಟ್ಟೆಯನ್ನು ಎತ್ತಿದರು. ಬಟ್ಟೆಯ ಅಡಿಯಲ್ಲಿ, ಮೇಜಿನ ಮೇಲೆ, ಬಿಳಿ ಹಾಳೆ ಅಗಲಕ್ಕೆ ಹರಡಿಕೊಂಡಿತ್ತು, ಮೈತುಂಬಾ ಮಡಿಕೆಯ ಗೆರೆಗಳು. ಚರಕ್ ಎಂದದ್ದು ಅದೇ.

"ನೋಡಿ, ಒಂದು ಕಡೆನೂ ಹರಿದಿಲ್ಲ. ಸಿಟ್ಟಿದ್ದವರು ಬೇಕಂತಲೇ ಹರೀತಿದ್ರು. ಮಡಚೋಕೆ ಬರದವರು ಬಿಚ್ಚೋಕೆ ಹೋಗಿ ಹರೀತಿದ್ರು. ಮಡಚಿದ ಕೈಯೇ ಇದನ್ನ ಬಿಚ್ಚಿದೆ. ಯಾಕಪ್ಪಾ?"

ತಮ್ಮ ತಲೆ ತಗ್ಗಿಸಿದ. "ಹಡಗಿನ ಕೆಲಸಕ್ಕೆ ಹೋದ ಅಪ್ಪ ಇದರಲ್ಲೇ ಬರ್ತಾನಲ್ವಾ ಮಾಮ, ಅಂತ ನಿನ್ನ ಮಗಳು ಬೆಳಿಗ್ಗೆ ಕೇಳಿದ್ಲು. ಭಾವ ತೀರಿಕೊಂಡು ಐದು ತಿಂಗಳಾಯ್ತು, ನೀನಿನ್ನೂ ಅವಳಿಗೆ ಹೇಳಿಲ್ಲಕ್ಕ. ಎಲ್ಲರ ಮುಂದೆ ಅವಳು ಆ ಹಡಗನ್ನೇ ನೋಡ್ತಾ ಕಾಯೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ತಾಯಿ ಅಲಂಕಾರದವಳ ಕೈ ಹಿಡಿದು, "ತಪ್ಪಾಯ್ತಮ್ಮ," ಎಂದಳು. ಜಗಲಿಯಲ್ಲಿ ಆಡುತ್ತಿದ್ದ ಮಗಳನ್ನು ಕರೆದು ಮಡಿಲಲ್ಲಿ ಕೂರಿಸಿಕೊಂಡಳು.

"ಹಡಗೆಲ್ಲಮ್ಮ? ಅಪ್ಪ ಇವತ್ತು ಬರಲ್ವಾ?"

"ಇವತ್ತಲ್ಲ ಕಂದ," ತಾಯಿ ಮಗಳ ತಲೆ ಸವರಿದಳು. "ಯಾವತ್ತೂ ಬರಲ್ಲ."

ಮೊದಲ ಅತಿಥಿಗಳು ಜಗಲಿಯ ಮೆಟ್ಟಿಲೇರುತ್ತಿದ್ದರು. ನಾನು ಓಡಿಹೋಗಿ ಬಾಗಿಲು ಮುಚ್ಚಿದೆ.