ಬಡಗು ತುದಿಯ ತೆಂಗಿನಕಾಯಿ

"ಎಲ್ಲಿಗೆ ಬೇಕಾದರೂ ಹೋಗು. ಆದರೆ ಆ ತುದಿಯ ಪಾಳು ಹಳ್ಳಿಯಲ್ಲಿ ಗಾಡಿ ನಿಲ್ಲಿಸಬೇಡ. ನಿಲ್ಲಿಸಿದರೂ ಅಲ್ಲಿ ಬಿದ್ದದ್ದನ್ನು ಮುಟ್ಟಬೇಡ. ನಮ್ಮ ಊರಿನದ್ದು ಅಂತ ಕಂಡರೆ ಕಣ್ಣೆತ್ತಿಯೂ ನೋಡಬೇಡ. ಕೇಳಿತಾ?"

ವ್ಯಾನಿನ ಕೀಲಿಕೈ ಕೊಡುವಾಗ ಸಂಕಪ್ಪಣ್ಣ ಹೇಳಿದ ಮಾತು ಇಷ್ಟೇ. ರತ್ನಪ್ರಭಾ ನಕ್ಕುಬಿಟ್ಟಳು.

"ನಮ್ಮ ಊರಿನದ್ದು ಎಂತ ಉಂಟು ಸಂಕಪ್ಪಣ್ಣ ಆ ಮರುಭೂಮಿಯಲ್ಲಿ? ಬಸಳೆ ಚಪ್ಪರವಾ?"

ಅವರು ನಗಲಿಲ್ಲ. ಕೀಲಿಕೈಯನ್ನು ಇನ್ನೂ ಬೆರಳಲ್ಲಿ ಹಿಡಿದೇ ಇದ್ದರು. ಅವಳು ಅದನ್ನು ಸ್ವಲ್ಪ ಎಳೆದೇ ತೆಗೆದುಕೊಳ್ಳಬೇಕಾಯಿತು.

ಆ ವ್ಯಾನು ಒಂದು ಕಾಲದಲ್ಲಿ ಅಂಗಡಿ ಅಂಗಡಿಗೆ ಖುಬ್ಬೂಸ್ ರೊಟ್ಟಿ ಹಂಚುತ್ತಿದ್ದ ಬಿಳಿ ಗಾಡಿ. ಮರಗೆಲಸದ ಸಂಕಪ್ಪಣ್ಣ ಅದನ್ನು ಕೊಂಡು, ರೊಟ್ಟಿಯ ಹಲಗೆಗಳನ್ನು ಕಿತ್ತು, ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಒಂದು ಪುಟ್ಟ ಕಿಟಕಿ ಕೂರಿಸಿದ್ದರು. ಬಿಸಿಲು ಏರಿದರೆ ಈಗಲೂ ಹುಳಿಹಿಟ್ಟಿನ ವಾಸನೆ ಬರುತ್ತಿತ್ತು. ಅದರಲ್ಲಿ ಒಬ್ಬಳೇ ಕತಾರಿನ ಬಡಗು ತುದಿಯವರೆಗೆ ಹೋಗಿ, ಒಂದು ರಾತ್ರಿ ಮಲಗಿ, ಮರುದಿನ ಸಂಜೆಗೆ ಅಲ್ ವಕ್ರಾದ ಮನೆಗೆ ಬರುವುದು ಅವಳ ಹಟ. ಹಟಕ್ಕೆ ಕಾರಣ ಗಂಡ ಲತೇಶ. ದುಖಾನಿನ ಎಣ್ಣೆ ಕಂಪನಿಯಲ್ಲಿ ಕೆಲಸ, ರಜೆಗೆ ಮಾತ್ರ ಮನೆಗೆ ಬರುವವನು. ಅವನಿಗೆ ನಾಲ್ಕನೆಯ ಸಲಕ್ಕೆ ಸಿಕ್ಕಿದ ಡ್ರೈವಿಂಗ್ ಲೈಸೆನ್ಸು, ಕತಾರಿಗೆ ಬಂದು ವರ್ಷವೂ ಆಗದ ಹೆಂಡತಿಗೆ ಮೊದಲ ಸಲಕ್ಕೇ ಸಿಕ್ಕಿತ್ತು. ಗಂಡಸಿಗೆ ಇದು ಜೀರ್ಣವಾಗುವ ಸಂಗತಿಯೇ?

"ಇಲ್ಲೇ ಪಕ್ಕದ ಥುಮಾಮಾ ದಾಟುವುದರೊಳಗೆ ಫೋನ್ ಮಾಡ್ತಿ ನೋಡು, 'ಕರಕೊಂಡು ಹೋಗಿ' ಅಂತ," ಎಂದಿದ್ದ.

"ಮಗಳನ್ನು ನೋಡಿಕೊಳ್ಳಿ ಸಾಕು," ಎಂದಿದ್ದಳು ಅವಳು. ಮಗಳು ಅಶ್ವಿತಾಳಿಗೆ ಆರು ವರ್ಷ. ಅಮ್ಮನ ಸೆರಗು ಬೆರಳಿಗೆ ಸುತ್ತಿಕೊಳ್ಳದೆ ನಿದ್ದೆ ಬಾರದ ಹುಡುಗಿ. "ನಾಳೆ ಸಂಜೆ ಬರ್ತಿಯಲ್ಲಾ? ಗ್ಯಾರಂಟಿ?" ಎಂದು ಬಾಗಿಲವರೆಗೂ ಬಂದು ಕೇಳಿದಳು. ಬಾಗಿಲ ಹೊರಗೆ ಅವಳ ಚಪ್ಪಲಿಗಳು ಎಂದಿನಂತೆ ಒಂದು ಮೂಡಕ್ಕೆ, ಒಂದು ಪಡುವಣಕ್ಕೆ, ಅದರಲ್ಲೊಂದು ಕವುಚಿ, ಬಿದ್ದಿದ್ದವು. ರತ್ನಪ್ರಭಾ ಗ್ಯಾರಂಟಿ ಕೊಟ್ಟೇ ಹೊರಟಳು.

ಏಷ್ಯನ್ ಗೇಮ್ಸ್ ಮುಗಿದ ಚಳಿಗಾಲ. ದೋಹಾದ ಬಾವುಟಗಳು ಇನ್ನೂ ಇಳಿದಿರಲಿಲ್ಲ. ಊರು ಹಿಂದೆ ಬಿದ್ದ ಮೇಲೆ ದಾರಿಯ ಎರಡೂ ಬದಿಗೆ ಬೂದು ನೆಲ, ಅಲ್ಲಲ್ಲಿ ಮುಳ್ಳುಪೊದೆ, ಎಲ್ಲೋ ಒಂದು ಒಂಟೆ. ಮೊದಲ ದಿನ ಸಮುದ್ರದ ದಂಡೆಯಲ್ಲಿ ಚಹಾ ಕುಡಿದು, ಮಗಳಿಗೆಂದು ಚಿಪ್ಪು ಹೆಕ್ಕಿ, ವ್ಯಾನಿನ ಮಂಚದಲ್ಲಿ ರಾಣಿಯ ಹಾಗೆ ಮಲಗಿದಳು. ಇಷ್ಟು ಸುಖದ ನಿದ್ದೆ ಮದುವೆಯಾದ ಮೇಲೆ ಬಂದದ್ದೇ ಇಲ್ಲ ಎನ್ನಿಸಿತು.

ಮರುದಿನ ಆ ಹಳ್ಳಿ ಕಂಡಿತು. ಬೇಡ ಎಂದ ಮೇಲೆ ಕಾಣದೆ ಇರುತ್ತದೆಯೇ? ಹವಳದ ಕಲ್ಲಿನ ಮುರುಕು ಗೋಡೆಗಳು, ಸೂರಿಲ್ಲದ ಮನೆಗಳು, ಒಂಟಿ ಮಿನಾರು. ಹಕ್ಕಿಯೂ ಕೂಗದ ಮೌನ. ಇಳಿತದ ಕಡಲಿನಿಂದ ಕೊಳೆತ ಪಾಚಿಯ ವಾಸನೆ. ಅವಳು ಬೇಕೆಂದೇ ಅಲ್ಲಿ ಗಾಡಿ ನಿಲ್ಲಿಸಿ, ಒಲೆ ಹಚ್ಚಿ, ಕುಚ್ಚಲಕ್ಕಿ ಗಂಜಿಗೆ ಇಟ್ಟು, ಸುತ್ತಾಡಲು ಇಳಿದಳು.

ಒಂದು ಮನೆಯ ಹೊಸ್ತಿಲಲ್ಲಿ ತೆಂಗಿನಕಾಯಿ ಇತ್ತು.

ಸೂಪರ್ ಮಾರ್ಕೆಟಿನ ಬೋಳು ಕಾಯಿಯಲ್ಲ. ಜುಟ್ಟು ಬಿಟ್ಟು ಸುಲಿದ, ಕೈಯಲ್ಲಿ ತೂಗಿದರೆ ನೀರು ಗುಳುಗುಳು ಎನ್ನುವ, ಅಪ್ಪಟ ನಮ್ಮ ಕಡೆಯ ಕಾಯಿ. ಜುಟ್ಟಿಗೆ ಕಪ್ಪು ನೂಲು ಸುತ್ತಿತ್ತು. ಒಂದು ಬದಿಗೆ ಕುಂಕುಮ ಒಣಗಿ ಕರಿ ಹಿಡಿದಿತ್ತು. ಸಂಕಪ್ಪಣ್ಣನ ಮಾತು ನೆನಪಾಯಿತು. ನೆನಪಾದದ್ದಕ್ಕೇ ಅವಳಿಗೆ ರೇಗಿತು. ಒಳ್ಳೆಯ ಕಾಯಿಯನ್ನು ಮರಳಿನಲ್ಲಿ ಹಾಳುಬಿಟ್ಟು ಹೋಗಲು ಕರಾವಳಿಯವರ ಕೈ ಬರುತ್ತದೆಯೇ? ನೂಲು ಕಿತ್ತೆಸೆದಳು. ಹೊಸ್ತಿಲ ಕಲ್ಲಿಗೇ ಬಡಿದು ಎರಡು ಕಡಿ ಮಾಡಿದಳು. ಒಂದು ಕಡಿಯನ್ನು ಹೆರೆದು, ಹಸಿಮೆಣಸು ಉಪ್ಪು ಬೆರೆಸಿ, ಬಿಸಿ ಗಂಜಿಯ ಜೊತೆ ಗಡದ್ದಾಗಿ ಉಂಡಳು. ರುಚಿಯಾಗಿತ್ತು. ಕೊನೆಯ ತುತ್ತಿನಲ್ಲಿ ಮಾತ್ರ ನಾಲಿಗೆಗೆ ತಾಮ್ರದ ಚೊಗರು ಹತ್ತಿತು.

ಹೊರಟಾಗ ಗಾಳಿ ಎದ್ದಿತು. ನೋಡನೋಡುತ್ತ ಆಕಾಶ ಹಳದಿಯಾಗಿ, ಕೆಂಪಾಗಿ, ನಡುಮಧ್ಯಾಹ್ನವೇ ಮುಸ್ಸಂಜೆಯಾಯಿತು. ದೂಳು ಗಾಜಿಗೆ ಅಕ್ಕಿ ಎರಚಿದ ಹಾಗೆ ಸದ್ದು ಮಾಡುತ್ತಿತ್ತು. ಅವಳು ದೀಪ ಹಾಕಿ, ದೋಹಾ ಎಂದು ಬರೆದ ಬೋರ್ಡು ದಾಟಿ, ನೇರ ತೆಂಕಣಕ್ಕೆ ಓಡಿಸಿದಳು. ತುಂಬ ಹೊತ್ತು ಓಡಿಸಿದಳು. ದೂಳಿನೊಳಗಿಂದ ಎದುರಿಗೆ ಏನೋ ಎದ್ದು ನಿಂತಿತು.

ಒಂಟಿ ಮಿನಾರು.

ದಾರಿ ತಪ್ಪಿರಬೇಕೆಂದು ಬೈದುಕೊಂಡು ತಿರುಗಿಸಿದಳು. ಅದೇ ಬೋರ್ಡು. ಅದೇ ನೇರ ರಸ್ತೆ. ಮತ್ತೆ ಮಿನಾರು. ಇನ್ನೊಮ್ಮೆ ಹೋದಳು. ಮತ್ತೆ ಅದೇ. ಬೆನ್ನ ಹಿಂದೆ ಒಲೆಯ ಮೇಲಿನ ಗಂಜಿ ಪಾತ್ರೆ ಮುಟ್ಟಿ ನೋಡಿದಳು. ಅದಿನ್ನೂ ಕೈ ಸುಡುವಷ್ಟು ಬಿಸಿಯಿತ್ತು. ಇಷ್ಟೆಲ್ಲ ಓಡಿಸಿಯೂ ಹೊತ್ತು ಸರಿದೇ ಇರಲಿಲ್ಲ.

ಮೊಬೈಲಿನಲ್ಲಿ ಒಂದೇ ಒಂದು ಗೆರೆ ಸಿಗ್ನಲ್ ಇತ್ತು. ಲತೇಶನಿಗೆ ಫೋನ್ ಮಾಡಲು ಅಭಿಮಾನ ಬಿಡಲಿಲ್ಲ. ಸಂಕಪ್ಪಣ್ಣನಿಗೆ ಮಾಡಿದಳು.

"ಸಂಕಪ್ಪಣ್ಣ, ನಿಮ್ಮ ಗಾಡಿಗೆ ಮನೆ ದಾರಿ ಮರೆತಿದೆಯಾ ಎಂತ?"

"ಎಂತ ಮುಟ್ಟಿದೆ ನೀನು?"

"ಮುಟ್ಟಿದ್ದಲ್ಲ. ತಿಂದೆ."

"ಅಯ್ಯೋ ದೇವರೇ! ಅದು ನನ್ನದು ಮಗಾ." ಸಂಕಪ್ಪಣ್ಣ ಒಂದೇ ಉಸಿರಿಗೆ ಹೇಳಿಕೊಂಡರು. "ನನಗೆ ಯಾರೋ ಮಾಟ ಮಾಡಿಸಿದ್ದರು, ಮನೆ ಮುಟ್ಟಬಾರದು ಅಂತ. ಟಿಕೆಟು ತೆಗೆದರೆ ಜ್ವರ. ವಿಮಾನ ಹತ್ತಿದರೆ ಅದು ತಿರುಗಿ ಬರುವುದು. ನನ್ನಮ್ಮ ಹೋದಾಗಲೂ ಮುಖ ನೋಡಲಿಕ್ಕೆ ಆಗಲಿಲ್ಲ. ಕಡೆಗೆ ಊರಿನಿಂದ ಒಬ್ಬ ಬಲ್ಲವ ಬಂದು ಅದನ್ನು ಕಾಯಿಗೆ ಇಳಿಸಿದ. ಜನ ಇಲ್ಲದ ತುದಿಯಲ್ಲಿ ಇಡು ಅಂದ. ನಮ್ಮವರು ಯಾರು ಅಲ್ಲಿಗೆ ಹೋಗ್ತಾರೆ ಅಂದುಕೊಂಡೆ..."

"ಈಗ ಎಂತ ಮಾಡುವುದು, ಅದು ಹೇಳಿ."

"ಇನ್ನೊಂದು ಕಡಿ ಉಂಟಲ್ಲಾ? ಯಾರಿಗಾದರೂ ಕೊಡು. ತಿಂದವನಿಗೆ ಹೋಗ್ತದೆ. ನಿನ್ನನ್ನು ಬಿಡ್ತದೆ."

ಗೆರೆ ಅಳಿಯಿತು. ಫೋನು ಸತ್ತಿತು.

ಅದೇ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಕುರಿ ಕಾಯುವವನು, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಬಾಂಗ್ಲಾದೇಶದವನು. ನೀರು ಬೇಕಿತ್ತು. ಕುಡಿಯುತ್ತ ಅವನ ಕಣ್ಣು ಹಲಗೆಯ ಮೇಲಿನ ಬಿಳಿ ಕಡಿಗೆ ಬಿತ್ತು. ಹಾಗೇ ನಿಂತಿತು.

"ನಾರಿಯಲ್, ದೀದಿ?" ಅವನ ಬಾಯಿಯಲ್ಲಿ ನೀರೂರಿದ್ದು ಕಾಣುತ್ತಿತ್ತು. ಅವನಿಗೂ ತೆಂಗಿನ ನಾಡೇ ಇರಬೇಕು. ಹರಕು ಹಿಂದಿಯಲ್ಲಿ ಹೇಳಿಕೊಂಡ. ಈ ಕುರಿಗಳ ಜೊತೆ ಐದು ವರ್ಷವಾಯಿತಂತೆ. ಮುಂದಿನ ತಿಂಗಳು ರಜೆಯಂತೆ. ಮನೆಗೆ ಹೋಗುತ್ತಾನಂತೆ. ಇಲ್ಲಿಗೆ ಬರುವಾಗ ಹೆಂಡತಿಯ ಹೊಟ್ಟೆಯಲ್ಲಿದ್ದ ಮಗುವನ್ನು ಇನ್ನೂ ನೋಡಿಲ್ಲವಂತೆ.

ಕೊಡಬೇಕಾದದ್ದು ಅಂಗೈ ಅಗಲದ ಒಂದು ಕಡಿ. ಅವಳ ಕೈ ಅದನ್ನು ಎತ್ತಿಯೂ ಆಗಿತ್ತು. ಅಶ್ವಿತಾಳ "ಗ್ಯಾರಂಟಿ?" ಕಿವಿಯಲ್ಲೇ ಇತ್ತು. ಅವನು ಎರಡೂ ಕೈ ಚಾಚಿದ. ಅವಳ ಕೈ ಅಲ್ಲೇ ನಿಂತಿತು. ಇವನ ಮಗುವಿಗೂ ಯಾರೋ ಗ್ಯಾರಂಟಿ ಕೊಟ್ಟಿರುತ್ತಾರೆ ಎನ್ನಿಸಿತು.

"ನಾರಿಯಲ್ ಮಾಫಿ, ಇಲ್ಲ ಭಾಯಿ. ಇದು ಹಾಳಾಗಿದೆ," ಎಂದಳು. ಇದ್ದ ಬ್ರೆಡ್ಡು, ಬಾಳೆಹಣ್ಣು, ನೀರಿನ ಬಾಟಲಿಯೆಲ್ಲ ತುಂಬಿ ಕೊಟ್ಟು ಕಳುಹಿಸಿದಳು. ಅವನು ಮಬ್ಬಿನಲ್ಲಿ ಮರೆಯಾದ ಮೇಲೆ, ಆ ಕಡಿಯನ್ನು ಎಸೆದರೆ ಇನ್ನೊಬ್ಬ ಹೆಕ್ಕಿಯಾನು ಎಂದು, ಚಾಕುವಿನಿಂದ ಎಬ್ಬಿಸಿ ಎಬ್ಬಿಸಿ ಪೂರ್ತಿ ತಿಂದಳು. ಚೊಗರಿಗೆ ಕಣ್ಣಲ್ಲಿ ನೀರು ಬಂತು.

"ಖಲಾಸ್," ಎಂದಳು ಗಟ್ಟಿಯಾಗಿ, ಯಾರಿಗೆಂದು ತಿಳಿಯದೆ. "ಈಗ ಪೂರ್ತಿ ನನ್ನದೇ. ಎಂತ ಮಾಡ್ತಿ ಮಾಡು."

ಗಾಳಿ ನಿಂತಿತು.

ದೂಳು ನಿಲ್ಲಲಿಲ್ಲ. ಗಾಳಿಯಿಲ್ಲದೆಯೇ ಅದು ತೇಲುತ್ತಿತ್ತು. ಮನೆಯೊಂದರ ಒಳಗಿಂದ ಪ್ರೆಶರ್ ಕುಕ್ಕರ್ ಸೀಟಿ ಹೊಡೆಯಿತು. ಬೇಳೆ ಬೆಂದ ವಾಸನೆ ಬಂತು. ಇಂಗಿನ ಒಗ್ಗರಣೆ. ಅವಳದ್ದೇ ಒಗ್ಗರಣೆ. ಆ ಮುರುಕು ಗೋಡೆಯಲ್ಲಿ ಈಗ ಒಂದು ಬಾಗಿಲಿತ್ತು. ಕಂದು ಬಣ್ಣದ, ಹಿಡಿಯ ಹತ್ತಿರ ಕ್ರೇಯಾನಿನ ಗೀರಿದ್ದ ಬಾಗಿಲು. ಅಲ್ ವಕ್ರಾದ ಅವಳ ಬಾಗಿಲು.

"ಅಮ್ಮಾ. ಬಂದಿಯಾ? ಬಾಗಿಲು ತೆಗೆದೇ ಉಂಟು. ಬಾ."

ಅವಳು ಇಳಿದಳು. ಇಳಿದದ್ದು ತಿಳಿಯಲೇ ಇಲ್ಲ. ನಡೆದಳು. ಬಾಗಿಲು ಒಂದು ಬೆರಳಿನಷ್ಟು ಸರಿಯಿತು. ಒಳಗೆ ಕತ್ತಲು. ಕತ್ತಲಲ್ಲಿ ಉಸಿರು. ಸೆರಗಿನ ತುದಿಯನ್ನು ಏನೋ ಹಿಡಿಯಿತು. ಬೆರಳಿಗೆ ಸುತ್ತಿಕೊಳ್ಳತೊಡಗಿತು. ಒಂದು ಸುತ್ತು. ಇನ್ನೊಂದು. ಅವಳು ಕಾಲೆತ್ತಿದಳು.

ಕೆಳಗೆ ಚಪ್ಪಲಿಗಳಿದ್ದವು. ಮಗಳ ಗುಲಾಬಿ ಚಪ್ಪಲಿಗಳು. ಪಕ್ಕ ಪಕ್ಕ. ಜೋಡಿಸಿ. ನೀಟಾಗಿ.

ರತ್ನಪ್ರಭಾ ಕಾಲು ಹಿಂದಕ್ಕಿಟ್ಟಳು.

"ನನ್ನ ಮಗಳು ಹುಟ್ಟಿದ ಮೇಲೆ ಒಂದು ದಿನ ಚಪ್ಪಲಿ ಜೋಡಿಸಿ ಇಟ್ಟವಳಲ್ಲ," ಎಂದಳು. "ಯಾರು ನೀನು?"

ಒಳಗಿನ ಉಸಿರು ನಿಂತಿತು. ಸೆರಗು ಬಿಗಿಯಿತು. ಅವಳು ಎಳೆದಳು. ಅದೂ ಎಳೆಯಿತು. ಬಟ್ಟೆ ಪರ್ರೆಂದು ಹರಿಯಿತು. ಅವಳು ಓಡಿದಳು. ವ್ಯಾನಿನ ಬಾಗಿಲು ಎಳೆದು ಹಾಕಿಕೊಂಡಳು. ಹೊರಗೆ ತಗಡಿನ ಮೇಲೆ ಅಂಗೈಗಳು. ಒಂದಲ್ಲ. ಎರಡಲ್ಲ. ಮೆತ್ತಗೆ. ಸುತ್ತಲೂ. "ಅಮ್ಮಾ. ಮನೆಗೆ ಬಾ. ಮನೆಗೆ ಬಾ."

ಮನೆ. ಮನೆ ಮುಟ್ಟಬಾರದು. ಆಗಲಿ, ಮನೆ ಎಂದರೆ ಯಾವುದು? ಅತ್ತೆ ಪೂವಕ್ಕನ ಮಾತು ತಲೆಗೆ ಬಂತು. ಅಲ್ ವಕ್ರಾದ ಫ್ಲ್ಯಾಟಿಗೆ ಹೋದ ದಿನ ಊರಿನಿಂದ ಫೋನ್ ಮಾಡಿ, "ಹಾಲು ಉಕ್ಕಿಸು. ಹಾಲುಕ್ಕುವವರೆಗೆ ಅದು ಬಿಡಾರ, ಉಕ್ಕಿದ ಮೇಲೆ ಮನೆ," ಎಂದಿದ್ದರು. ಒಲೆ ಗಲೀಜಾಗುತ್ತದೆ ಎಂದು ರತ್ನಪ್ರಭಾ ಅವತ್ತು ಗೊಣಗಿದ್ದೇ ಗೊಣಗಿದ್ದು.

ಚಹಾದ ಹಾಲು ಅರ್ಧ ಪೊಟ್ಟಣ ಉಳಿದಿತ್ತು. ಪುಟ್ಟ ಪಾತ್ರೆಗೆ ಸುರಿದಳು. ಕಡ್ಡಿ ಗೀರಿದಳು. ಆರಿತು. ಗೀರಿದಳು. ಆರಿತು. ಮೂರನೆಯದು ಹೊತ್ತಿಕೊಂಡಿತು. ಖಾಲಿ ತೆಂಗಿನ ಚಿಪ್ಪಿಗೆ ತಲೆಯ ಎಣ್ಣೆ ಹೊಯ್ದು, ಹರಿದ ಸೆರಗಿನ ಎಳೆಯನ್ನು ಬತ್ತಿ ಮಾಡಿ ದೀಪ ಹಚ್ಚಿದಳು. ಅಂಗೈಗಳು ಗುದ್ದಾದವು. ವ್ಯಾನು ಅತ್ತ ವಾಲಿತು. ಇತ್ತ ವಾಲಿತು. ಕಿಟಕಿಗೆ ಒಂದು ಮುಖ ಒತ್ತಿಕೊಂಡಿತು. ಮಗಳ ಮುಖ. ಕಣ್ಣಿದ್ದಲ್ಲಿ ಮರಳು.

"ನೋಡು," ಎಂದಳು ಅವಳು, ಹಲ್ಲು ಕಚ್ಚಿ. "ಸರಿಯಾಗಿ ನೋಡು. ಗೃಹಪ್ರವೇಶ."

ಹಾಲು ಬಿಸಿಯಾಯಿತು. ಅಂಚು ನಡುಗಿತು. ಕೆನೆ ಎದ್ದಿತು. ಏರಿತು. ಇಳಿಯಿತು. ಅಯ್ಯೋ, ಏರು. ಏರಿತು. ತುಳುಕಿತು. ಬೆಂಕಿಯ ಮೇಲೆ ಚುಂಯ್ ಎಂದು ಬಿತ್ತು. ಸುಟ್ಟ ಹಾಲಿನ ವಾಸನೆ ವ್ಯಾನಿನ ತುಂಬ ತುಂಬಿತು.

"ನಾನು ಮನೆಯಲ್ಲೇ ಇದ್ದೇನೆ!" ಎಂದು ಕಿರುಚಿದಳು. "ಇದೇ ನನ್ನ ಮನೆ. ಮುಟ್ಟಿಯಾಯಿತು!"

ಗುದ್ದು ನಿಂತಿತು. ಕಿಟಕಿಯ ಮುಖ ಸುರಿದುಹೋಯಿತು, ಮರಳಾಗಿ. ಅವಳು ಸ್ಟೇರಿಂಗ್ ಹಿಡಿದಳು. ಅದೇ ಬೋರ್ಡು ಬಂತು. ಅದೇ ರಸ್ತೆ ಬಂತು. ಆಮೇಲೆ ಒಂದು ಪೆಟ್ರೋಲ್ ಪಂಪು, ಲಾರಿಗಳ ಸಾಲು, ಬಯ್ಯುವ ಹಾರನ್ನುಗಳು. ಆ ಬೈಗುಳ ಕೇಳಿ ಅವಳು ಗೊಳೋ ಎಂದು ಅತ್ತಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ ವಕ್ರಾ ಮುಟ್ಟಿದಳು. ಬಾಗಿಲ ಹೊರಗೆ ಗುಲಾಬಿ ಚಪ್ಪಲಿ, ಒಂದು ಗೋಡೆಗೆ ಒರಗಿ, ಒಂದು ಕವುಚಿ. ಅಶ್ವಿತಾ ಓಡಿಬಂದು ಸೊಂಟ ತಬ್ಬಿದಳು. ಲತೇಶ ಹಿಂದೆ ನಿಂತು ನಗುತ್ತಿದ್ದ. "ಗೆದ್ದೆ ಮಾರಾಯ್ತಿ. ಒಳಗೆ ಬಾ."

ರತ್ನಪ್ರಭಾ ಹೊಸ್ತಿಲಿಗೆ ಕಾಲೆತ್ತಿದಳು. ಹೊಸ್ತಿಲಾಚೆ ನೆಲವಿರಲಿಲ್ಲ. ಬೂದು ಮರಳಿತ್ತು, ದೂಳಿನ ಮಬ್ಬಿತ್ತು, ದೂರದಲ್ಲಿ ಒಂಟಿ ಮಿನಾರಿತ್ತು. ಕಾಲು ಹಿಂದಕ್ಕೆ ತೆಗೆದರೆ ಮತ್ತೆ ಟೈಲ್ಸು, ಸೋಫಾ, ಟೀವಿ. ಮತ್ತೆ ಎತ್ತಿದಳು. ಮತ್ತೆ ಮರಳು. ಅವಳು ಬಾಗಿಲ ಹೊರಗೇ ಕುಸಿದು ಕೂತಳು.

ಈಗ ಅವಳ ಸಂಸಾರ ಕಟ್ಟಡದ ಕೆಳಗೆ, ಬೇವಿನ ಮರದ ನೆರಳಿನಲ್ಲಿ ನಿಂತ ವ್ಯಾನಿನಲ್ಲಿ. ಹಾಲುಕ್ಕಿದ ಆ ವ್ಯಾನೇ ಅವಳ ಮನೆ. ಅದು ಉರುಳಿದಲ್ಲೆಲ್ಲ ಅವಳಿಗೆ ದಾರಿಯುಂಟು, ಇನ್ಯಾವ ಮನೆಯೊಳಗೂ ಇಲ್ಲ. ಸಂಕಪ್ಪಣ್ಣ ಒಂದು ದಿನ ತಲೆ ತಗ್ಗಿಸಿಕೊಂಡು ಬಂದರು.

"ಇನ್ನೊಂದು ಕಾಯಿಗೆ ಇಳಿಸುವ ಮಗಾ. ಈ ಸಲ ಇನ್ನೂ ದೂರ ಇಡುವ."

"ಯಾರು ತಿನ್ನಬೇಕು ಅದನ್ನು?" ಎಂದಳು. ಅವರು ಹೋಗಲು ಬೆನ್ನು ಹಾಕಿದರು. "ವ್ಯಾನು ನಿಮಗೆ ತಿರುಗಿ ಸಿಗುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ, ಚಹಾ ಮಾಡ್ತೇನೆ."

ಅಶ್ವಿತಾ ಶಾಲೆ ಬಿಟ್ಟು ನೇರ ವ್ಯಾನಿಗೇ ಬರುತ್ತಾಳೆ. ಅಲ್ಲೇ ಊಟ, ಅಲ್ಲೇ ಹೋಂವರ್ಕು. ಲತೇಶ ಈಗ ದುಖಾನಿನಿಂದ ದಿನವೂ ಸಂಜೆಗೆ ಬರುತ್ತಾನೆ. ಕಣ್ಣು ಎಳೆಯತೊಡಗಿದರೆ, "ಅಮ್ಮ, ನಾನು ಮನೆಗೆ ಹೋಗಿ ಬರ್ತೇನೆ," ಎಂದು ಅಮ್ಮನ ಹಳೆಯ ಸೀರೆಯ ತುದಿ ಬೆರಳಿಗೆ ಸುತ್ತಿಕೊಂಡು ಅಪ್ಪನ ಹೆಗಲೇರುತ್ತಾಳೆ. ಮಗು ಮೇಲಿನ ಫ್ಲ್ಯಾಟನ್ನೇ ಮನೆ ಎನ್ನುತ್ತದೆ. ಆ ಮಾತಿಗೆ ಅವಳ ಎದೆ ಪ್ರತಿ ಸಂಜೆ ಚೂರು ಹರಿಯುತ್ತದೆ. ಹೆಗಲ ಮೇಲೆ ಹೋಗುವವಳಿಗೆ ಚಪ್ಪಲಿ ಏಕೆ? ಅವು ವ್ಯಾನಿನ ಮೆಟ್ಟಿಲ ಬುಡದಲ್ಲೇ ಉಳಿಯುತ್ತವೆ, ಒಂದು ಚಕ್ರದ ಕೆಳಗೆ, ಒಂದು ಕವುಚಿ.

ಬೆಳಗ್ಗೆ ಅವಳು ಬಾಗಿಲು ತೆರೆದಾಗ ಅವು ಪಕ್ಕ ಪಕ್ಕ ಇರುತ್ತವೆ. ಜೋಡಿಸಿ. ನೀಟಾಗಿ. ಒಳಮುಖವಾಗಿ.

ಅವಳು ಒಂದು ಕ್ಷಣ ನೋಡುತ್ತಾಳೆ. ಆಮೇಲೆ ಕಾಲಿನಿಂದ ಒದ್ದು ಒಂದನ್ನು ಮೂಡಕ್ಕೆ, ಒಂದನ್ನು ಪಡುವಣಕ್ಕೆ ಹಾರಿಸಿ, ಒಳಗೆ ಹೋಗಿ ಉಕ್ಕಲು ಹಾಲು ಇಡುತ್ತಾಳೆ.