ತಾಮ್ರದ ತಂತಿ ಸುತ್ತಿದ ಕನ್ನಡಕ

ಜಗಳ ಶುರುವಾದದ್ದು ಒಂದು ಫೋಟೊದಿಂದ.

ಫೋಟೊದಲ್ಲಿ ಅಂಥಾದ್ದೇನೂ ಇರಲಿಲ್ಲ. ಒಂದು ಗಂಡಸಿನ ಕೈ, ಕೈಯಲ್ಲಿ ಸ್ಪ್ಯಾನರ್, ಪಕ್ಕದಲ್ಲಿ ಟೀ ಲೋಟ. ಕೆಳಗೆ ಬರೆದಿತ್ತು: ‘ಊರ ಸುದ್ದಿ: ಮೊಟ್ಟೆ ರೇಟು ಮತ್ತೆ ಏರಿದೆ. ಮನೆ ಸುದ್ದಿ: ನಾನೂ ಏರುತ್ತಾ ಇದ್ದೀನಿ, ಎಂಟನೇ ಮಹಡಿಗೆ, ಮೆಟ್ಟಿಲಲ್ಲಿ. ಲಿಫ್ಟ್ ಕೆಟ್ಟಿದೆ, ರಿಪೇರಿ ಮಾಡೋನು ನಾನೇ.’

ಫೋನಿನ ಗುಂಪಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಹುಡುಗಿಗೆ ಮಾತ್ರ ನಗು ಬರಲಿಲ್ಲ. ಹುಡುಗಿ ಎಂದರೆ ತೀರಾ ಎಳೆಯ ಹುಡುಗಿಯೇನಲ್ಲ, ಮೂವತ್ತೈದು ದಾಟಿತ್ತು. ಆದರೆ ಮದುವೆಯಾಗದಿದ್ದರೆ ಹಲ್ಲುದುರಿದರೂ ಹುಡುಗಿಯೇ ತಾನೇ? ಅವಳ ಕಣ್ಣು ಟೀ ಲೋಟದ ಪಕ್ಕಕ್ಕೆ ಬಿದ್ದಿತ್ತು. ಅಲ್ಲೊಂದು ಕನ್ನಡಕ ಅಂಗಾತ ಮಲಗಿತ್ತು. ಅದರ ಎಡಗಡೆ ಕಡ್ಡಿಗೆ ತಾಮ್ರದ ತಂತಿ ಸುತ್ತಿತ್ತು, ಮುರಿದ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ.

ಹಗಲೆಲ್ಲ ಕನ್ನಡಕವನ್ನು ಹೆತ್ತ ಕೂಸಿನಂತೆ ಒರೆಸಿ, ತಿಕ್ಕಿ, ಪೆಟ್ಟಿಗೆಯಲ್ಲಿ ಮಲಗಿಸುವವಳು ಇದನ್ನು ಹೇಗೆ ಸಹಿಸಿಯಾಳು?

‘ಲಿಫ್ಟಿನವರೇ, ಆ ಕನ್ನಡಕಕ್ಕೆ ಏನು ಮಾಡಿದ್ದೀರಿ?’ ಎಂದು ಬರೆದಳು.

‘ಕಡ್ಡಿ ಮುರೀತು. ತಂತಿ ಸುತ್ತಿದೆ. ಗಟ್ಟಿ ಇದೆ.’

‘ಗಟ್ಟಿ ಇರೋದು ನಿಮ್ಮ ಧೈರ್ಯ. ಆ ತಂತಿ ಕಿವಿ ಕುಯ್ಯುತ್ತೆ.’

‘ಇನ್ನೊಂದು ಕಿವಿ ಇದೆಯಲ್ಲ.’

‘ನಾಳೆಯೇ ಸರಿ ಮಾಡಿಸಿಕೊಳ್ಳಿ.’

‘ಅಪ್ಪಣೆ,’ ಎಂದು ಬರೆದವನು ಮಾರನೆಯ ದಿನವೂ ಅದೇ ಕನ್ನಡಕದ ಫೋಟೊ ಹಾಕಿದ. ತಂತಿಯ ಮೇಲೆ ಇನ್ನೊಂದು ಸುತ್ತು ತಂತಿ.

ಆ ಗುಂಪು ಹುಟ್ಟಿದ ಕಥೆಯೂ ಚೆನ್ನಾಗಿದೆ. ಪಟ್ಟಣದಲ್ಲಿ ಯಾರದೋ ಬೆಕ್ಕು ಕಳೆದುಹೋಗಿತ್ತು. ಅದನ್ನು ಹುಡುಕಲು ಬೆಕ್ಕಿನ ಯಜಮಾನರು, ಅಂದರೆ ಟೆಲಿಫೋನ್ ಆಫೀಸಿನಿಂದ ರಿಟೈರಾದ ಒಬ್ಬ ಹಿರಿಯರು, ಕಂಡಕಂಡವರನ್ನೆಲ್ಲ ಸೇರಿಸಿ ಫೋನಿನಲ್ಲೊಂದು ಗುಂಪು ಮಾಡಿದರು. ಬೆಕ್ಕು ಸಂಜೆಗೆ ತಾನಾಗಿಯೇ ಮನೆಗೆ ಬಂತು. ಗುಂಪು ಮಾತ್ರ ಮನೆಗೆ ಹೋಗಲಿಲ್ಲ. ಬೆಳಗಾದರೆ ಪ್ರತಿಯೊಬ್ಬರೂ ಒಂದು ಊರ ಸುದ್ದಿ, ಒಂದು ಮನೆ ಸುದ್ದಿ ಹಾಕಬೇಕು ಎಂಬ ಕಟ್ಟಳೆ ಬಂತು. ಇನ್ನೊಂದು ಕಟ್ಟಳೆ ಯಜಮಾನರದ್ದೇ: ಹೆಸರು ಹೇಳಕೂಡದು, ಮುಖ ತೋರಿಸಕೂಡದು.

‘ಹೆಸರು ಗೊತ್ತಾದ್ರೆ ಸಂಬಂಧ ಹುಡುಕ್ತೀರಿ,’ ಎಂದಿದ್ದರು ಅವರು. ‘ಸಂಬಂಧ ಸಿಕ್ಕಿದ್ರೆ ಜಗಳ ಹುಡುಕ್ತೀರಿ. ಬೇಡ.’

ಹಾಗಾಗಿ ಅಲ್ಲಿ ಒಬ್ಬರು ಬೇಕರಿ, ಒಬ್ಬರು ನರ್ಸಮ್ಮ, ಒಬ್ಬರು ಬಸ್ಸಪ್ಪ. ಇವಳು ಕನ್ನಡಕ. ಅವನು ಲಿಫ್ಟು.

ಕನ್ನಡಕ ಬೆಳಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಫೋನ್ ನೋಡುವುದನ್ನು ರೂಢಿ ಮಾಡಿಕೊಂಡಳು. ಪ್ರಪಂಚದಲ್ಲಿ ಏನೇನೋ ಆಗುತ್ತಿತ್ತು. ಮಂತ್ರಿಗಳು ಬೀಳುತ್ತಿದ್ದರು, ಸೇತುವೆಗಳು ಏಳುತ್ತಿದ್ದವು, ಎಲ್ಲೋ ಆಕಾಶಕ್ಕೆ ರಾಕೆಟ್ ಹೋಗುತ್ತಿತ್ತು. ಅವಳಿಗೆ ಅವೆಲ್ಲ ಎಳ್ಳಷ್ಟೂ ಬೇಕಿರಲಿಲ್ಲ. ಬೇಕಾದದ್ದು ಆ ಕೈ. ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರದಂಥ ಹಳೇ ಗಾಯದ ಗುರುತು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವ ಗ್ರೀಸು. ನೂರು ಕೈಗಳ ಸಂತೆಯಲ್ಲಿ ಬಿಟ್ಟರೂ ಕಣ್ಣು ಮುಚ್ಚಿಕೊಂಡು ಹುಡುಕಿಕೊಡುವಷ್ಟು ಅದು ಅವಳಿಗೆ ಬಾಯಿಪಾಠವಾಗಿತ್ತು.

ಅವಳನ್ನು ಸಾಕಿದ ದೊಡ್ಡಮ್ಮ ಇದನ್ನೆಲ್ಲ ನೋಡಿಯೂ ನೋಡದವರಂತೆ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

"ಏನೇ ಕೂಸೇ, ಇವತ್ತೇನಂತೆ ಸುದ್ದಿ?"

"ಪೆಟ್ರೋಲ್ ಇಳೀತಂತೆ ದೊಡ್ಡಮ್ಮ."

"ಪೆಟ್ರೋಲ್ ಇಳಿದದ್ದಕ್ಕೆ ಕೆನ್ನೆ ಹಿಂಗೆ ಕೆಂಪಾಗೋದನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ. ನಮ್ಮನೇಲಿ ಗಾಡೀನೂ ಇಲ್ಲ."

"ಸುಮ್ನಿರಿ."

"ನಾನು ಸುಮ್ನೇ ಇದ್ದೀನಮ್ಮ. ನಿನ್ನ ಮುಖ ತಮಟೆ ಹೊಡೀತಿದೆ."

ಹೀಗಿರುವಾಗ ಒಂದು ಬೆಳಗ್ಗೆ ಲಿಫ್ಟು ಊರ ಸುದ್ದಿ ಬಿಟ್ಟೇಬಿಟ್ಟ. ಬರೀ ಮನೆ ಸುದ್ದಿ: ‘ನಮ್ಮ ಮನೇಲಿ ಸುದ್ದಿಯೇ ಇಲ್ಲ. ಇರೋದು ನಾನೊಬ್ಬ, ಗೋಡೆ ನಾಲ್ಕು. ಕನ್ನಡಕದವರನ್ನ ಎದುರಿಗೆ ಕಂಡು ಒಂದು ಮಾತು ಕೇಳಬೇಕು ಅಂತಿದೆ. ಅವರು ಹೂಂ ಅಂದರೆ.’

ಬೇಕರಿಯವರು ಕೇಕಿನ ಚಿತ್ರ ಹಾಕಿದರು. ಬಸ್ಸಪ್ಪ ಪೋಂ ಪೋಂ ಎಂದು ಬರೆದರು. ಬೆಕ್ಕಿನ ಯಜಮಾನರು ಕಟ್ಟಳೆ ಮುರಿಯಿತೋ ಇಲ್ಲವೋ ಎಂದು ಚರ್ಚೆ ಶುರುಮಾಡಿದರು.

ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಕೆಂಡವಾಯಿತು. ಇಷ್ಟು ಜನರ ಮುಂದೆ ಕೇಳುವುದೇ? ಬೆರಳು ಬಡಬಡ ಓಡಿತು: ‘ಕನ್ನಡಕ ರಿಪೇರಿಗಾದರೆ ಅಂಗಡಿಗೆ ಬನ್ನಿ. ಬೇರೆ ಮಾತಿಗೆ ನನಗೆ ಪುರುಸೊತ್ತಿಲ್ಲ.’

ಅವನು ಬರೆದದ್ದು ಇಷ್ಟೇ: ‘ಸರಿ.’

ಅಂಥ ಒಣಗಿದ ‘ಸರಿ’ಯನ್ನು ಅವಳು ಎಂದೂ ಓದಿರಲಿಲ್ಲ. ದಿನವೆಲ್ಲ ಲೆನ್ಸ್ ಉಜ್ಜುವಾಗ ಅದೇ ಕಿವಿಯಲ್ಲಿ ಗುಂಯ್‌ಗುಟ್ಟಿತು. ನಾಳೆ ಏನಾದರೂ ಕೀಟಲೆ ಬರೆದು ಸರಿಮಾಡಿಕೊಳ್ಳೋಣ ಎಂದುಕೊಂಡಳು.

ಮಾರನೆಯ ದಿನ ಅವನ ಕೈ ಬರಲಿಲ್ಲ.

ಕಾದಳು. ಟೀ ಆರಿತು. ಅಂಗಡಿಗೆ ಹೋದಳು. ಗ್ಲಾಸು ಕೊರೆಯುವ ಯಂತ್ರ ಗಿರ್ರೆನ್ನುತ್ತಿತ್ತು, ಕಣ್ಣು ಫೋನಿನ ಮೇಲೆಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಬಸ್ಸಪ್ಪ ಊರ ಸುದ್ದಿ ಹಾಕಿದರು: ‘ಪೇಟೆ ಬೀದಿಯ ಕಟ್ಟಡದಲ್ಲಿ ಲಿಫ್ಟ್ ಕುಸಿತ. ಮೆಕ್ಯಾನಿಕ್‌ಗೆ ತೀವ್ರ ಗಾಯ, ದೊಡ್ಡಾಸ್ಪತ್ರೆಗೆ ದಾಖಲು.’ ಸುದ್ದಿಯಲ್ಲಿ ಗಾಯಗೊಂಡವನ ಹೆಸರೂ ಇತ್ತು.

ಹೆಸರಿದ್ದು ಏನು ಬಂತು? ಅವನ ಹೆಸರು ಅಲ್ಲಿ ಯಾರಿಗೆ ಗೊತ್ತು?

‘ನಮ್ಮ ಲಿಫ್ಟಿನವರೇನಾ?’ ಎಂದು ನರ್ಸಮ್ಮ ಕೇಳಿದರು. ‘ನಾನು ಇವತ್ತು ರಜದಲ್ಲಿ ಊರಿಗೆ ಬಂದಿದ್ದೀನಿ, ಇಲ್ಲದಿದ್ದರೆ ನೋಡಿ ಹೇಳ್ತಿದ್ದೆ.’ ಬೆಕ್ಕಿನ ಯಜಮಾನರು ‘ಲಿಫ್ಟಿನವರೇ, ಇದ್ದರೆ ಒಂದು ಅಕ್ಷರ ಬರೀರಿ’ ಎಂದು ಬೇಡಿಕೊಂಡರು. ಅಕ್ಷರ ಬರಲಿಲ್ಲ. ಗಾಯ ಎಂದು ಓದಿದ ಬೇಕರಿಯವರು ಗಾಬರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ‘ಎಂಥಾ ಒಳ್ಳೆ ಮನುಷ್ಯ, ದೇವರು ಶಾಂತಿ ಕೊಡಲಿ’ ಎಂದು ಬರೆದರು. ಬಸ್ಸಪ್ಪ ಅವರನ್ನು ಹಿಗ್ಗಾಮುಗ್ಗಾ ಬೈದು ಅದನ್ನು ಅಳಿಸಿಸಿದರು.

ಅಳಿಸುವ ಮೊದಲು ಅವಳು ಓದಿಯಾಗಿತ್ತು.

ಯಂತ್ರ ಆರಿಸಿದಳೋ ಇಲ್ಲವೋ, ಮಾಲೀಕರಿಗೆ ಹೇಳಿದಳೋ ಇಲ್ಲವೋ, ಅವಳಿಗೇ ನೆನಪಿಲ್ಲ. ಏಪ್ರನ್ ಹಾಕಿಕೊಂಡೇ ಬೀದಿಗೆ ಬಿದ್ದಳು. ನಡೆಯುತ್ತಲೇ ದೊಡ್ಡಮ್ಮನಿಗೆ ಫೋನ್ ಮಾಡಿದಳು.

"ದೊಡ್ಡಮ್ಮ, ಪುರುಸೊತ್ತಿಲ್ಲ ಅಂದುಬಿಟ್ಟೆ. ನಾನು ಅವರಿಗೆ ಹೇಳಿದ ಕೊನೇ ಮಾತು ಅದೇ."

ದೊಡ್ಡಮ್ಮ ಅಂದು ಕೀಟಲೆ ಮಾಡಲಿಲ್ಲ. "ಕೊನೇದೋ ಮೊದಲನೇದೋ ಹೋಗಿ ನೋಡು ಮೊದಲು. ಕೂತು ಅತ್ತರೆ ಆಸ್ಪತ್ರೆ ನಿನ್ನ ಹತ್ರ ನಡ್ಕೊಂಡು ಬರಲ್ಲ."

ದೊಡ್ಡಾಸ್ಪತ್ರೆ ಹೆಸರಿಗೆ ತಕ್ಕ ಹಾಗೆ ಒಂದು ಊರಿನಷ್ಟು ದೊಡ್ಡದಿತ್ತು. ಕೌಂಟರಿನಲ್ಲಿ ಸುದ್ದಿಯಲ್ಲಿದ್ದ ಹೆಸರು ಹೇಳಿದಳು.

"ನೀವು ಅವರಿಗೇನಾಗಬೇಕು?"

"ಅವರ ಕನ್ನಡಕ..." ಎಂದು ನಿಲ್ಲಿಸಿದಳು.

ಕನ್ನಡಕ ತಲುಪಿಸಲು ಬಂದವಳು ಎಂದುಕೊಂಡು ಕೌಂಟರಿನಾಕೆ ವಾರ್ಡಿನ ದಾರಿ ತೋರಿಸಿದಳು.

ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಗಂಡಸು ಮಲಗಿದ್ದ. ತಲೆಗೆ ಪಟ್ಟಿ, ಕಾಲಿಗೆ ಬಿಳಿ ಕಟ್ಟು, ಆದರೆ ಕಣ್ಣು ಬಿಟ್ಟಿದ್ದ. ಬದುಕಿದ್ದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎದೆಯ ಮೇಲಿದ್ದ ಬಂಡೆ ಉರುಳಿದ ಸದ್ದು ಪಕ್ಕದ ವಾರ್ಡಿಗೂ ಕೇಳಿಸಿರಬೇಕು.

ಆಗ ಕಂಡದ್ದು ಮಂಚದ ಆ ಕಡೆ ಕೂತಿದ್ದ ಹೆಂಗಸು. ಅವಳು ಅವನ ಹಣೆ ಸವರುತ್ತ, "ರೀ, ಇನ್ನೊಂದು ಗುಟುಕು ಕುಡೀರಿ," ಎಂದು ಲೋಟ ಹಿಡಿದಿದ್ದಳು. ಅವಳ ತೊಡೆಯ ಮೇಲೊಂದು ಮಗು ಬಿಸ್ಕತ್ತು ತಿನ್ನುತ್ತಿತ್ತು.

ನಾಲ್ಕು ಗೋಡೆ, ನಾನೊಬ್ಬ ಎಂದಿದ್ದನಲ್ಲ.

ಆಶ್ಚರ್ಯ ನೋಡಿ, ಸಿಟ್ಟಿಗಿಂತ ಮುಂದೆ ಬಂದು ನಿಂತದ್ದು ಇನ್ನೊಂದು ಮಾತು. ಸುಳ್ಳು ಹೇಳಿದ್ದರೂ ಹೇಳಿರಲಿ. ಉಸಿರಾಡುತ್ತಿದ್ದಾನಲ್ಲ, ಸಾಕು. ಮಗುವಿಗೆ ಅಪ್ಪ ಉಳಿದನಲ್ಲ, ಸಾಕು. ಹೊರಟುಹೋಗೋಣ.

ಹೊರಡುವ ಮುಂಚೆ ಒಂದೇ ಒಂದು ಸಲ ಆ ಕೈಯನ್ನು ನೋಡಿಬಿಡೋಣ ಎನಿಸಿತು. ಕೈ ಹೊದಿಕೆಯ ಮೇಲಿತ್ತು. ಹೆಬ್ಬೆರಳಿನ ಬುಡ ಕಾಣುತ್ತಿತ್ತು.

ಅಲ್ಲಿ ಅರ್ಧಚಂದ್ರ ಇರಲಿಲ್ಲ. ಬೆರಳುಗಳೂ ಮೊಂಡು, ಗಿಡ್ಡ. ಈ ಕೈ ಅವನದಲ್ಲ.

"ಯಾರು ಬೇಕಾಗಿತ್ತಮ್ಮ?" ಎಂದಳು ಹೆಂಡತಿ.

"ಇವರ ಥರಾನೇ ಲಿಫ್ಟ್ ಕೆಲಸದೋರು ಇನ್ನೊಬ್ಬರು..." ಅವಳ ಮಾತು ತೊದಲಿತು.

"ಇವರ ಜೊತೆ ಕೆಲಸ ಮಾಡೋ ಅಣ್ಣನಾ? ಅವರೇ ನಮ್ಮನೆಯವರನ್ನ ಲಿಫ್ಟಿನ ಗುಂಡಿಯಿಂದ ಎತ್ತಿ ತಂದದ್ದು. ಬೆಳಗ್ಗಿಂದ ಹೊರಗಡೆ ಬೆಂಚು ಬಿಟ್ಟು ಎದ್ದಿಲ್ಲ. ಕಾಲು ಸರಿಹೋಗುತ್ತೆ ಅಂತ ಡಾಕ್ಟರು ಹೇಳಿದ್ರೂ ಮನೆಗೆ ಹೋಗು ಅಂದ್ರೆ ಹೋಗ್ತಿಲ್ಲ."

ಹೊರಗೆ ಬೆಂಚಿತ್ತು. ಬರುವಾಗ ಅದರ ಮುಂದೆಯೇ ಬಿರುಗಾಳಿಯ ಹಾಗೆ ಹಾದುಹೋಗಿದ್ದಳು. ಅಲ್ಲಿ ಗ್ರೀಸು ಮೆತ್ತಿದ ಅಂಗಿಯ ಮನುಷ್ಯನೊಬ್ಬ ಗೋಡೆಗೆ ತಲೆಯಾನಿಸಿ ಕೂತಿದ್ದ. ನಲವತ್ತರ ಆಸುಪಾಸು. ಕಿವಿಯ ಹತ್ತಿರ ನಾಲ್ಕೈದು ಬಿಳಿ ಕೂದಲು. ಮುಖ ಎಂದೂ ನೋಡಿದ್ದಲ್ಲ. ಆದರೆ ಮುಖದ ಮೇಲಿದ್ದ ಕನ್ನಡಕದ ಎಡಗಡೆ ಕಡ್ಡಿಯಲ್ಲಿ ತಾಮ್ರದ ತಂತಿ ಕಿಟಕಿಯ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

ಅವಳು ಎದುರಿಗೆ ಹೋಗಿ ನಿಂತಳು. ಸೊಂಟದ ಮೇಲೆ ಕೈಯಿಟ್ಟಳು. ಅಳಬೇಕೆಂದಿದ್ದವಳ ಬಾಯಿಗೆ ಬಂದದ್ದು ಬೈಗುಳ.

"ಆ ಕಡ್ಡಿ ಸರಿ ಮಾಡಿಸಿಕೊಳ್ಳಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ?"

ಅವನು ತಲೆಯೆತ್ತಿದ. ಏಪ್ರನ್ ನೋಡಿದ. ಅದರ ಮೇಲಿನ ಗಾಜಿನ ಪುಡಿ ನೋಡಿದ. ಆಮೇಲೆ ಮುಖ ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಅಷ್ಟರಲ್ಲಿ ಒಂದು ಲಿಫ್ಟ್ ಹತ್ತು ಸಲ ಏರಿ ಇಳಿಯಬಹುದಿತ್ತು.

"ಕನ್ನಡಕದವರು," ಎಂದ ಮೆಲ್ಲಗೆ.

"ಫೋನ್ ಏನಾಯ್ತು ನಿಮ್ಮದು?"

"ಅವನನ್ನ ಎತ್ತುವಾಗ ಜೇಬಿಂದ ಜಾರಿ ಗುಂಡಿಗೆ ಬಿತ್ತು. ಅಲ್ಲೇ ಇದೆ, ಚೂರುಚೂರಾಗಿ."

"ಬೇಕರಿಯವರು ನಿಮಗೆ ಶಾಂತಿ ಕೋರಿ ಆಯ್ತು."

"ಆಗಲೇನಾ? ಕೇಕಾದ್ರೂ ಹಂಚಿದ್ರಾ?"

ಅವಳು ನಗಲು ಹೋದಳು. ಅರ್ಧ ನಗು ಬಂದು ಉಳಿದರ್ಧ ಕಣ್ಣೀರಾಯಿತು. ಬೆಂಚಿನ ಆ ತುದಿಗೆ ಕೂತು ಏಪ್ರನ್ನಿನಿಂದಲೇ ಕಣ್ಣೊತ್ತಿಕೊಳ್ಳಲು ಹೋದಾಗ ಅವನು ಗಾಬರಿಯಿಂದ ಕೈ ತಡೆದ.

"ಗಾಜಿನ ಪುಡಿ ಇದೆ ಅದರಲ್ಲಿ. ಕಣ್ಣಿನ ಅಂಗಡಿಯೋರೇ ಹಿಂಗೆ ಮಾಡಿದ್ರೆ ಹೆಂಗೆ?" ತನ್ನ ಕರ್ಚೀಫ್ ತೆಗೆದ. ಅದರ ತುಂಬ ಗ್ರೀಸು. ಮಡಚಿ ಮತ್ತೆ ಜೇಬಿಗಿಟ್ಟುಕೊಂಡ.

ಅವಳ ಮಣಿಕಟ್ಟಿನ ಮೇಲೆ ಅವನ ಕೈ ಹಾಗೇ ಉಳಿದಿತ್ತು. ಅರ್ಧಚಂದ್ರ, ಉಗುರಿನ ಗ್ರೀಸು, ಎಲ್ಲ ಇದ್ದವು. ಫೋಟೊದಲ್ಲಿ ಕಾಣದೇ ಇದ್ದದ್ದು ಒಂದೇ, ಅದರ ಬಿಸುಪು.

"ಪುರುಸೊತ್ತಿಲ್ಲ ಅಂದಿದ್ರಿ," ಎಂದ.

"ಇವತ್ತು ಅಂಗಡಿ ಅರ್ಧಕ್ಕೆ ಬಿಟ್ಟು ಬಂದಿದ್ದೀನಿ. ಕೇಳೋದಿದ್ರೆ ಬೇಗ ಕೇಳಿ."

"ನಮ್ಮ ಮನೆ ನೆಲಮಹಡೀಲಿದೆ," ಎಂದ ಅವನು, ಎಷ್ಟೋ ದಿನದಿಂದ ಗಟ್ಟಿ ಮಾಡಿಟ್ಟ ಪಾಠ ಒಪ್ಪಿಸುವವನ ಹಾಗೆ. "ಮೆಟ್ಟಿಲು ಹತ್ತೋ ಗೋಳಿಲ್ಲ. ಕಿಟಕಿ ದೊಡ್ಡದು, ಬೆಳಕು ಚೆನ್ನಾಗಿ ಬರುತ್ತೆ. ಒಬ್ಬನಿಗೆ ಜಾಸ್ತಿಯಾಯ್ತು ಆ ಬೆಳಕು."

"ನನ್ನ ಜೊತೆ ದೊಡ್ಡಮ್ಮ ಇದ್ದಾರೆ. ಅವರ ಬಾಯಿಗೆ ನಾಲ್ಕು ಗೋಡೆ ಸಾಲಲ್ಲ."

"ಐದನೇದು ಕಟ್ಟಿಸೋಣ."

ಅವಳು ಮಣಿಕಟ್ಟನ್ನು ಬಿಡಿಸಿಕೊಳ್ಳಲಿಲ್ಲ. ಕೇಳಿದಳು, "ನಿಜ ಹೇಳಿ. ಆ ಕಡ್ಡಿ ಯಾಕೆ ಸರಿ ಮಾಡಿಸಲಿಲ್ಲ? ಐದು ನಿಮಿಷದ ಕೆಲಸ."

ಅವನ ಕಿವಿ ತಾಮ್ರಕ್ಕಿಂತ ಕೆಂಪಾಯಿತು. "ಸರಿ ಮಾಡಿಸಿಬಿಟ್ರೆ ನೀವು ಬೈಯೋದು ನಿಲ್ಲಿಸ್ತಿದ್ರಲ್ಲ."

ಅವಳು ಎದ್ದಳು. ಅವನ ಮುಖದಿಂದ ಕನ್ನಡಕ ಕಳಚಿದಳು. ಅಭ್ಯಾಸಬಲದಿಂದ ಕಿಟಕಿಯ ಬೆಳಕಿಗೆ ಹಿಡಿದು, ಆಚೆ ಈಚೆ ಸರಿಸಿ ನೋಡಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

"ನಡೀರಿ ಅಂಗಡಿಗೆ. ಇವತ್ತೇ ಹೊಸ ಕಡ್ಡಿ. ಬೈಯೋಕೆ ಬೇರೆ ಕಾರಣ ನಿಮ್ಮ ಹತ್ರ ಬೇಕಾದಷ್ಟು ಸಿಗುತ್ತೆ."

ದಾರಿಯಲ್ಲೇ ಗುಂಪಿಗೆ ಬರೆದಳು: ‘ಊರ ಸುದ್ದಿ: ಲಿಫ್ಟಿನವರಿಗೆ ಏನೂ ಆಗಿಲ್ಲ, ಗಾಯವಾದ ಅವರ ಜೊತೆಗಾರರೂ ಕ್ಷೇಮ. ಮನೆ ಸುದ್ದಿ: ಹೂಂ.’ ಫೋನು ಜೇಬಿನಲ್ಲಿ ಜೇನುಗೂಡಿನ ಹಾಗೆ ಗುಯ್‌ಗುಡತೊಡಗಿತು. ಅವಳು ತೆಗೆದು ನೋಡಲಿಲ್ಲ.

ಆಸ್ಪತ್ರೆಯ ಗೇಟಿನ ಹತ್ತಿರ ಅವನು ನಿಂತ. ಬೀದಿಯ ಕಡೆ ಕಣ್ಣು ಕಿರಿದು ಮಾಡಿ, ಪಾಪದ ಪ್ರಾಣಿಯ ಹಾಗೆ ಮುಖ ಮಾಡಿದ.

"ಕನ್ನಡಕ ಇಲ್ದೆ ದಾರಿ ಕಾಣ್ತಿಲ್ಲ ನನಗೆ. ಬಸ್ಸು ಯಾವುದು, ಬೀದಿ ಯಾವುದು, ಒಂದೂ ಗೊತ್ತಾಗ್ತಿಲ್ಲ."

ಅವಳ ಜೇಬಿನಲ್ಲಿದ್ದದ್ದು ಚಾಳೀಸಿನ ಕನ್ನಡಕ. ನಲವತ್ತಕ್ಕೆ ಬರುವ ಸಾದಾ ಓದುಗನ್ನಡಕ, ಪೇಪರಿನ ಸಣ್ಣ ಅಕ್ಷರಕ್ಕೆ ಬಿಟ್ಟರೆ ಬೇರೇನಕ್ಕೂ ಬೇಡದ್ದು. ಅದಿಲ್ಲದೆಯೇ ಅವನಿಗೆ ಬೀದಿಯ ಕೊನೆಯ ಮರದ ಮೇಲಿನ ಕಾಗೆಯೂ ಕಾಣುತ್ತಿತ್ತು. ಬೆಳಕಿಗೆ ಹಿಡಿದಾಗಲೇ ಅವಳಿಗೆ ತಿಳಿದುಹೋಗಿತ್ತು.

ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ, ಗಟ್ಟಿಯಾಗಿ.

ನುಣುಪಾದ, ಮಟ್ಟಸವಾದ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದ ಮೇಲೆ ಅವಳು ಹೇಳಿದಳು, "ಹುಷಾರು, ಇಲ್ಲೊಂದು ಮೆಟ್ಟಿಲಿದೆ."

ಇಲ್ಲದ ಮೆಟ್ಟಿಲನ್ನು ದಾಟಲು ಅವನು ಕಾಲೆತ್ತಿ ಇಟ್ಟ.