ಹಂಸಿನಿಯ ಒಳಗಂಟು

೧೯೫೮ರ ನವೆಂಬರ್ ಹದಿನಾಲ್ಕರ ನನ್ನ ದಿನಚರಿಯಲ್ಲಿ ಒಂದೇ ಸಾಲಿದೆ: "ಅತ್ತೆಯವರು ಹಂಸಿನಿಯ ಹಲಗೆಯ ತುಂಡನ್ನು ನನ್ನ ವಶಕ್ಕೆ ಕೊಟ್ಟರು, ಅಂಚಿನಲ್ಲಿ ಏಳು ತೂತು." ಆ ತೂತುಗಳ ಕತೆಯನ್ನು ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ.

ಪರಂಗಿಗಳು ಕಡಲಿಗೇ ಸುಂಕ ಹಾಕುತ್ತಿದ್ದ ಕಾಲ. ನದೀಮುಖದ ರಾಜಧಾನಿ ಶಂಖಾಪುರದಲ್ಲಿ ಮಳೆಗಾಲ ಮುಗಿದು, ಮೆಣಸಿನ ಮೂಟೆಗಳ ಘಾಟು ಬೀದಿಬೀದಿಗೂ ಹಬ್ಬಿತ್ತು; ಆದರೆ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ರಾಣಿ ಪದ್ಮಲದೇವಿಯ ಅರಮನೆಯ ಗುಟ್ಟುಗಳು ಪರಂಗಿಗಳಿಗೆ ತಲುಪುತ್ತಿವೆಯೆಂಬ ಗುಮಾನಿಯಿಂದ, ಅಂಗಡಿಯವನು ಗಿರಾಕಿಯನ್ನೂ ಕಾವಲುಗಾರನು ಜೊತೆಗಾರನನ್ನೂ ಓರೆಗಣ್ಣಿನಿಂದ ನೋಡುತ್ತಿದ್ದರು.

ಮಂತ್ರಿ ಸಾಂತಪ್ಪಯ್ಯ ಬೆರಳು ತೋರಿಸಿದ್ದು ಹಂಸಿನಿಯ ಕಡೆಗೆ. ಅಕ್ಕಿ ಮೆಣಸು ಸಾಗಿಸುವ ಸಣ್ಣ ಹಾಯಿಹಡಗು ಅದು. ಒಂದು ಮೊಳೆಯೂ ಇಲ್ಲದೆ, ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದ್ದು. ಮೂರು ದಿನದಿಂದ ಮಂತ್ರಿಯ ಭಟರ ಕಾವಲಿನಲ್ಲಿ ಮರಳ ಮೇಲಿತ್ತು. ರಾಣಿಯ ಎದುರಿನಲ್ಲೇ ಭಟನೊಬ್ಬ ನೇರವಾಗಿ ಹೋಗಿ ಒಂದು ಹೊಲಿಗೆ ಕತ್ತರಿಸಿ, ಅದರಡಿಯಿಂದ ಪರಂಗಿ ಮುದ್ರೆಯ ಓಲೆಯನ್ನು ಎಳೆದ.

"ಜಟ್ಟ ತಂಡೇಲ, ಇನ್ನೇನು ಹೇಳುವೆ?" ಎಂದರು ಮಂತ್ರಿಗಳು.

ಹಡಗು ನಡೆಸುವವನು ಜಟ್ಟ. ದ್ರೋಹಕ್ಕೆ ಶಿಕ್ಷೆ ತಲೆದಂಡ.

ಅವನ ಮಾವ, ಹಡಗನ್ನು ಕಟ್ಟಿದ ಮುದುಕ ಹೊನ್ನ ಮೇಸ್ತ, ಮುಂದೆ ಬಂದು ಕತ್ತರಿಸಿದ ಹುರಿಯನ್ನು ಮೂಸಿದ.

"ಮಹಾತಾಯಿ, ನಮ್ಮ ಹುರಿ ಮೀನೆಣ್ಣೆಯಲ್ಲಿ ನೆನೆದದ್ದು; ಇದಕ್ಕೆ ಆ ವಾಸನೆಯೇ ಇಲ್ಲ. ಗಂಟೂ ಹೊರಗಿದೆ. ನಾವು ಒಬ್ಬ ಒಳಗೆ, ಒಬ್ಬ ಹೊರಗೆ ಕೂತು ಹೊಲಿಯುವವರು. ಗಂಟು ಯಾವಾಗಲೂ ಒಳಗೇ. ಹೊರಗಿಟ್ಟರೆ ಮರಳು ತಿಂದುಹಾಕುತ್ತದೆ."

"ಅಳಿಯನ ತಲೆ ಉಳಿಸಲು ಮಾವನ ಗಂಟುಪುರಾಣ!" ಸಾಂತಪ್ಪಯ್ಯ ನಕ್ಕರು. "ಒಳಮೈಗೆಲ್ಲ ರಾಳ ಮೆತ್ತಿ ಮುಚ್ಚಿದ್ದೀರಿ. ಉಳಿದ ಹೊಲಿಗೆಗಳಲ್ಲಿ ಇನ್ನೆಷ್ಟು ಓಲೆಗಳಿವೆಯೋ?"

"ಅಷ್ಟನ್ನೂ ಬಿಚ್ಚಿ ತೋರಿಸುತ್ತೇನೆ, ಸ್ವಾಮಿ."

"ಬೇಡ ಮಾವ! ಮೂವತ್ತು ವರ್ಷದ ಹಲಗೆ. ಬಿಚ್ಚಿದರೆ ಮತ್ತೆ ಕೂಡುವುದಿಲ್ಲ."

"ಬಾಯಿ ಮುಚ್ಚೋ. ಕತ್ತು ಹೊಲಿಯುವ ವಿದ್ಯೆ ನನಗೆ ಬರುವುದಿಲ್ಲ."

ಸಂಜೆಯವರೆಗೂ ಮುದುಕ ಬಿಚ್ಚಿದ. ರಾಣಿ ಬಿಸಿಲಲ್ಲೇ ನಿಂತು ನೋಡಿದರು. ಬೇರೆ ಓಲೆ ಸಿಗಲಿಲ್ಲ. ಎಣ್ಣೆ ಕುಡಿದು ಕಪ್ಪಾದ ಗಂಟುಗಳೆಲ್ಲ ಒಳಗಿದ್ದವು. ಹೊರಗಿದ್ದದ್ದು ಒಂದೇ, ಬೆಳ್ಳನೆಯದು.

"ಮಂತ್ರಿಗಳೇ, ಇಷ್ಟು ಹೊಲಿಗೆಗಳಲ್ಲಿ ತಮ್ಮ ಭಟನ ಕೈ ಮೊದಲಿಗೇ ಅದರ ಮೇಲೆ ಹೋದದ್ದು ಹೇಗೆ?" ಎಂದರು ರಾಣಿ.

ಭಟನೇ ಮಂಡಿಯೂರಿ ಬಾಯಿಬಿಟ್ಟ: ಗುಟ್ಟು ಮಾರುತ್ತಿದ್ದ ಮಂತ್ರಿಯೇ ಗುಮಾನಿ ತಪ್ಪಿಸಿಕೊಳ್ಳಲು ಕೊಟ್ಟ ಓಲೆ, ತಾನೇ ಹೊಲಿದದ್ದು.

ಜಟ್ಟ ಬದುಕಿದ, ನಮ್ಮದು ಅವನ ಮನೆತನ. ಹಲಗೆಗಳು ಬಿಸಿಲಿಗೆ ಸೀಳುಬಿಟ್ಟವು, ಹಂಸಿನಿ ಮತ್ತೆ ನೀರಿಗಿಳಿಯಲಿಲ್ಲ. ರಾಣಿ ಹೊಸ ಹಡಗಿಗೆ ಮರ ಕೊಡಿಸಿದರೂ ಹೊನ್ನ ಮೇಸ್ತ ಸೂಜಿ ಮುಟ್ಟಲಿಲ್ಲ. ಎರಡನೆಯ ಮಳೆಗಾಲದಲ್ಲಿ ಅವನು ತೀರಿಕೊಂಡಾಗ ಒಣಕಟ್ಟಿಗೆ ಸಿಗದೆ, ಮಗಳು ಹಂಸಿನಿಯ ಹಲಗೆಗಳನ್ನೇ ಚಿತೆಗೆ ಕೊಟ್ಟಳು. ಏಳು ತೂತಿನ ಈ ತುಂಡೊಂದನ್ನು ಬಿಟ್ಟು.